ಡ್ರೈವರ್ ಸೀಟಿಗೊಬ್ಬ ಮನುಷ್ಯ

ಹೊಸ ಯಂತ್ರಗಳಿಂದ ದೂರವಿದ್ದು ಹಳೇ ಕಾಲದಂತೆ ಬದುಕುವ ಆಮಿಶ್ ಕ್ರೈಸ್ತರು; ಅವರ ಬಿಷಪ್ ಎರ್ವಿನ್ ಟ್ರೋಯರ್‌ನ ಸಭೆಯ ನಿಯಮ ಸರಳವಾಗಿತ್ತು. ಕಾರು ಇಟ್ಟುಕೊಳ್ಳಬಾರದು, ಓಡಿಸಬಾರದು. ಸಭೆಯ ಹೊರಗಿನ ಮನುಷ್ಯ ಓಡಿಸಿದರೆ ಹತ್ತಿ ಕೂರಬಹುದು. ಹೊರಗಿನವನೆಂದರೆ ಎದುರುಮನೆಯ ಡ್ವೇನ್. ವರ್ಷಾನುಗಟ್ಟಲೆ ಊರಿನವರನ್ನು ಮದುವೆಗೂ ಮಣ್ಣಿಗೂ ಕರೆದೊಯ್ದು, ದಾರಿಯುದ್ದಕ್ಕೂ ತಲೆ ತಿಂದವನು. ಹೋದ ತಿಂಗಳು ಅವನ ಕಣ್ಣು ಕೈಕೊಟ್ಟಿತು, ಹಿಂದೆಯೇ ಲೈಸೆನ್ಸೂ ಹೋಯಿತು.

ಇವತ್ತು ಎರ್ವಿನ್‌ನ ತಂಗಿ ಸವಿಲ್ಲಾಗೆ ಹೃದಯದ ಆಪರೇಷನ್. ಒಳಗೆ ಕರೆದೊಯ್ಯುವ ಮುಂಚೆ ಅಣ್ಣ ಕೈ ಹಿಡಿದು ಪ್ರಾರ್ಥಿಸಬೇಕು, ಅಷ್ಟೇ ಅವಳ ಆಸೆ. ಕುದುರೆಗಾಡಿಯಲ್ಲಿ ಹೊರಟರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆಸ್ಪತ್ರೆಯವರೇ ಕಾರು ಕಳಿಸಿದರು. ಒಳಗೆ ಯಾರೂ ಇರಲಿಲ್ಲ.

"ಶುಭೋದಯ ಎರ್ವಿನ್. ಬೆಲ್ಟ್ ಹಾಕಿಕೊಳ್ಳಿ," ಎಂದಿತು ಕಾರು.

ಎರ್ವಿನ್ ಹ್ಯಾಟು ತೆಗೆದು ಖಾಲಿ ಸೀಟನ್ನು ಬಗ್ಗಿ ನೋಡಿದ. "ಓಡಿಸೋರು ಯಾರು?"

"ಯಾರೂ ಇಲ್ಲ."

"ದಾರೀಲಿ ಯಾರದಾದ್ರೂ ಕೋಳಿ ಸತ್ರೆ, ಕ್ಷಮೆ ಕೇಳೋರು ಯಾರು?"

"ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ. ಬೆಲ್ಟ್ ಹಾಕಿಕೊಳ್ಳಿ."

ತಾನೇ ಓಡುವ ಇಂಥ ಗಾಡಿ ನಮಗೆ ಬೇಡ, ಇದನ್ನು ಓಡಿಸುವುದು ಮನುಷ್ಯನೇ ಅಲ್ಲ ಎಂದು ಸಭೆಯಲ್ಲಿ ತೀರ್ಪು ಕೊಟ್ಟವನು ಎರ್ವಿನ್ನೇ. ಬೇಲಿಯಾಚೆ ಸಭೆಯ ಹಿರಿಯರಿಬ್ಬರು ನಿಂತು ನೋಡುತ್ತಿದ್ದರು. ತನ್ನ ತಂಗಿ ಅಂದಕೂಡಲೇ ನಿಯಮ ಸಡಿಲಿಸುವವನು ಎಂಥ ಬಿಷಪ್? ತಂಗಿಯ ಕೈ ಹಿಡಿಯಲು ಹೋಗದವನು ಎಂಥ ಅಣ್ಣ?  ಎರ್ವಿನ್ ದಡಬಡನೆ ಎದುರುಮನೆಗೆ ಹೋಗಿ, ಡ್ವೇನ್‌ನನ್ನು ಕೈಹಿಡಿದು ಕರೆತಂದು ಸ್ಟೇರಿಂಗ್ ಮುಂದೆ ಕೂರಿಸಿದ.

"ಮಾರಾಯ, ನಂಗೆ ಕಾರಿನ ಬಾಗ್ಲೇ ಕಾಣ್ಸಲ್ಲ."

"ನೀನೇನೂ ನೋಡ್ಬೇಕಾಗಿಲ್ಲ. ಹೆಚ್ಚುಕಮ್ಮಿ ಆದ್ರೆ ತಪ್ಪು ಹೊತ್ಕೊಳ್ಳೋಕೆ ಒಬ್ಬ ಮನುಷ್ಯ ಬೇಕು."

"ಅದಾದ್ರೆ ಸರಿ. ಮನೇಲೂ ನಂಗದೇ ಕೆಲ್ಸ."

ಹಿರಿಯರು ಮುಖ ಮುಖ ನೋಡಿಕೊಂಡರು. ಸೀಟಿನಲ್ಲಿ ಹೊರಗಿನವನೊಬ್ಬ ಇದ್ದಾನೆ, ಅವನು ಮನುಷ್ಯನೂ ಹೌದು. ತಲೆಯಾಡಿಸಿದರು.

ದಾರಿಯುದ್ದಕ್ಕೂ ಡ್ವೇನ್ ಹೆಂಡತಿಯ ಮೊಣಕಾಲು ನೋವು, ಈ ಸಲದ ಬೇಸ್‌ಬಾಲ್ ಎಲ್ಲ ಬಿಡಿಸಿ ಹೇಳಿದ. ಕಾರು ತಾನಾಗಿ ನಿಂತಲ್ಲೆಲ್ಲ "ಕೆಂಪು ದೀಪ ಇರ್ಬೇಕು" ಎಂದು ಬ್ರೇಕ್ ಒತ್ತುವವನಂತೆ ಜವಾಬ್ದಾರಿಯಿಂದ ನೆಲ ತುಳಿದ. ಎರ್ವಿನ್‌ಗೆ ಯಾಕೋ ಸಮಾಧಾನವಾಯಿತು.

ಆಸ್ಪತ್ರೆಯಲ್ಲಿ ಸವಿಲ್ಲಾಳ ಮಂಚವನ್ನು ಆಗಲೇ ಬಾಗಿಲ ಕಡೆ ತಿರುಗಿಸಿದ್ದರು.

"ಯಾರು ಕರ್ಕೊಂಡ್ಬಂದ್ರಣ್ಣ?"

ಎರ್ವಿನ್ ಎಂದೂ ಸುಳ್ಳು ಹೇಳಿದವನಲ್ಲ. "ಡ್ವೇನ್," ಎಂದ. ಅದು ನಿಜವೋ ಅಲ್ಲವೋ ಎಂದು ಆಮೇಲೆ ಯೋಚಿಸಿದ.

"ಅವ್ನಿಗೆ ಕಣ್ಣು ಕಾಣಲ್ವಲ್ಲ?"

"ನಾನು ಸುಮ್ನೆ ಕೂತಿದ್ದೆ ಕಣಮ್ಮ," ಎಂದ ಡ್ವೇನ್, ಗೋಡೆಯ ಕಡೆ ತಿರುಗಿಕೊಂಡು. "ನಿಮ್ಮಣ್ಣಂಗೆ ಒಬ್ನೇ ಬರೋಕೆ ಭಯ."

ಸವಿಲ್ಲಾ ನಕ್ಕಳು. ಎರ್ವಿನ್ ಅವಳ ಕೈ ಹಿಡಿದುಕೊಂಡ. ಅದು ತಣ್ಣಗಿತ್ತು.

"ನಂಗೂ ಭಯ ಅಣ್ಣ," ಎಂದಳು. "ಇಲ್ಲಿ ಕುಯ್ಯೋದೂ ಮೆಷಿನ್ನೇ ಅಂತೆ. ಅದ್ರ ಪಕ್ಕದಲ್ಲಿ ಇವನ್ನ ಕೂರಿಸ್ತಾರಾ, ಸ್ವಲ್ಪ ಕೇಳು."