ಡೋರೀನ್ ತಾನೇ ಆಯಿಲ್ ಬದಲಿಸಿದ ಭಾನುವಾರ

ಕಾರಿನ ಆಯಿಲನ್ನು ಇನ್ನು ತಾನೇ ಬದಲಾಯಿಸುತ್ತೇನೆ ಎಂದು ನನ್ನ ತಂಗಿ ಡೋರೀನ್ ಹೇಳಿದಾಗ ನಾನು ಮೊದಲು ನಕ್ಕೆ. ಆಮೇಲೆ ಸಿಟ್ಟು ಬಂತು. ವರ್ಮಾಂಟ್ ರಾಜ್ಯದ ನಮ್ಮ ಈ ಸಣ್ಣ ಊರಿನಲ್ಲಿ ಇರುವುದು ಒಂದೇ ಗ್ಯಾರೇಜು, ಅದು ನನ್ನದು. ಒಡಹುಟ್ಟಿದವಳೇ ನನ್ನ ಕೈಯಿಂದ ಕಾರು ಬಿಡಿಸಿಕೊಂಡು ಹೋದರೆ ಊರವರು ಏನಂದುಕೊಂಡಾರು?

ಅವಳ ಮಾತಿನಲ್ಲಿ ನ್ಯಾಯವಿರಲಿಲ್ಲ ಎಂದು ಮಾತ್ರ ಹೇಳಲಾರೆ. ಡೋರೀನ್ ಟಪಾಲು ಹಂಚುವವಳು. ನಮ್ಮ ಕಡೆ ಬೆಟ್ಟದ ಮಣ್ಣುದಾರಿಗಳಿಗೆ ಟಪಾಲು ಒಯ್ಯುವವರು ಸ್ವಂತ ಕಾರಿನಲ್ಲೇ ಹೋಗಬೇಕು. ಸ್ಟೀರಿಂಗ್ ಎಡಕ್ಕಿದ್ದರೂ ಅವಳು ಕೂರುವುದು ಬಲಗಡೆಯ ಸೀಟಿನಲ್ಲಿ. ಎಡಗೈ ಎಡಗಾಲು ಆಚೆ ಚಾಚಿ ಕಾರು ಓಡಿಸುತ್ತಾ, ಬಲಗೈಯಿಂದ ರಸ್ತೆ ಬದಿಯ ಟಪಾಲು ಡಬ್ಬಿಗಳಿಗೆ ಕಾಗದ ಹಾಕುತ್ತಾಳೆ. ದಿನವಿಡೀ ಹೀಗೆ ನಿಂತು ಹೊರಟು, ನಿಂತು ಹೊರಟು ಧೂಳು ಕುಡಿಯುವ ಎಂಜಿನ್ನಿಗೆ ಮತ್ತೆ ಮತ್ತೆ ಹೊಸ ಆಯಿಲ್ ಬೇಕು. ನವೆಂಬರಿನಲ್ಲಿ ನನ್ನ ಗ್ಯಾರೇಜಿನಲ್ಲೋ ಕಾಲಿಡಲು ಜಾಗವಿರುವುದಿಲ್ಲ. ಹಿಮ ಬೀಳುತ್ತದೆಂದು ಎಲ್ಲರಿಗೂ ಹುಟ್ಟಿದಾಗಿನಿಂದ ಗೊತ್ತು, ಆದರೂ ಚಳಿಗಾಲದ ಟೈರು ಹಾಕಿಸಲು ರೇಡಿಯೋದವನು ಹಿಮದ ಸುದ್ದಿ ಹೇಳಿದ ಮೇಲೆಯೇ ಇಡೀ ಊರು ಓಡಿ ಬರುತ್ತದೆ. ಆ ಗದ್ದಲದಲ್ಲಿ ಡೋರೀನಳ ಕಾರು ಎರಡು ಸಲ ನನ್ನಲ್ಲೇ ಉಳಿದುಹೋಗಿತ್ತು. ಎರಡು ಸಲವೂ ಅವಳ ದಾರಿಯಲ್ಲಿ ಬದಲಿ ಹುಡುಗಿ ಟಪಾಲು ಹಂಚಿದಳು. ಮೂರನೆಯ ಸಲ ಕಾರಿಲ್ಲ ಅಂದರೆ ದಾರಿಯನ್ನೇ ಆ ಹುಡುಗಿಗೆ ಬರೆದುಕೊಡುತ್ತೇನೆ ಎಂದು ಪೋಸ್ಟ್‌ಮಾಸ್ಟರ್ ಖಡಾಖಂಡಿತವಾಗಿ ಹೇಳಿದ್ದ.

"ಬುಧವಾರಕ್ಕೆ ನಿನ್ನ ಹೆಸರು ಬೋರ್ಡ್ ಮೇಲೆ ಬರೆದಿದೀನಿ ಕಣೇ. ಬೆಳಿಗ್ಗೆ ಮೊದಲನೇ ಕಾರು ನಿಂದೇ," ಎಂದೆ.

"ಹೋದ ಸಲಾನೂ ಮೊದಲನೇದೇ ಆಗಿತ್ತು, ಆರ್ಮಂಡ್. ಸಂಜೆವರೆಗೂ ಮೊದಲನೇದಾಗೇ ಇತ್ತು."

"ರಾತ್ರಿ ಕೂತಾದ್ರೂ ಮಾಡ್ಕೊಡ್ತೀನಿ."

"ಬೇಡಪ್ಪ. ಆ ಬೆಟ್ಟದ ಮೇಲೆ ಫೋನ್ ಸಿಗಲ್ಲ. ಕಾರು ನಿಂತ್ರೆ ಅಲ್ಲಿರೋಳು ನಾನು, ನೀನಲ್ಲ. ಅದರ ಹೊಟ್ಟೇಲಿ ಏನಿದೆ ಅಂತ ನಂಗೂ ಗೊತ್ತಿರ್ಬೇಕು."

ಚಿಕ್ಕವಳಿದ್ದಾಗಲೂ ಅವಳು ಹೀಗೇ. ಒಮ್ಮೆ ಪಟ್ಟು ಹಿಡಿದಳೆಂದರೆ ಅಮ್ಮನೂ ಕೈಚೆಲ್ಲುತ್ತಿದ್ದಳು.

ಭಾನುವಾರ ಮಧ್ಯಾಹ್ನ ಅವಳ ಮನೆಯ ಅಂಗಳಕ್ಕೆ ಹೋದೆ. ಮಡಚುವ ಕುರ್ಚಿ, ಒಂದು ಥರ್ಮಾಸ್ ಕಾಫಿ, ಒಂದು ಪೊಟ್ಟಣ ಡೋನಟ್ ಜೊತೆಗಿದ್ದವು. ತಮಾಷೆ ನೋಡಲು ಹೋದೆನೆಂದೇ ಇಟ್ಟುಕೊಳ್ಳಿ. ಅವಳು ಕಾರಿನ ಮುಂದಿನ ಚಕ್ರಗಳನ್ನು ಎರಡು ಕಬ್ಬಿಣದ ಇಳಿಜಾರುಗಳ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಸೌದೆ ತುಂಡು ಒತ್ತು ಕೊಟ್ಟು, ಕೆಳಗೆ ರಟ್ಟು ಹಾಸಿದ್ದಳು. ಮೈಮೇಲೆ ತೀರಿಹೋದ ಗಂಡನ ಹಳೆಯ ಬೇಟೆಯ ಕೋಟು.

"ಕೂತ್ಕೊ. ಆದ್ರೆ ಬಾಯಿ ತೆಗೆಯೋ ಹಾಗಿಲ್ಲ," ಎಂದಳು.

"ಡೋನಟ್ ತಿನ್ನೋಕೂ?"

"ಅದಕ್ಕೆ ಮಾತ್ರ ತೆಗಿ."

ಅವಳು ಅಂಗಾತ ಮಲಗಿ ಕಾರಿನಡಿ ಸರಿದಳು. ನನಗೆ ಕಾಣುತ್ತಿದ್ದದ್ದು ಅವಳ ಬೂಟುಗಳಷ್ಟೇ. ಸ್ಪ್ಯಾನರು ಕಟಕಟ ಅಂದಿತು, ಬೋಲ್ಟು ಸಲೀಸಾಗಿ ಬಿಚ್ಚಿಕೊಂಡಿತು. ಅಷ್ಟು ಸಲೀಸಾಗಿ ಬಿಚ್ಚಿಕೊಂಡಾಗಲೇ ನನಗೆ ಅನುಮಾನ ಬಂತು. ಆ ಕಾರಿನ ತಳದಲ್ಲಿ ಒಂದರ ಹಿಂದೊಂದು ಎರಡು ಬೋಲ್ಟುಗಳಿವೆ, ಒಂದು ಎಂಜಿನ್ನಿನದು, ಇನ್ನೊಂದು ಗೇರ್‌ಬಾಕ್ಸಿನದು. ಮೊದಲ ಸಲ ಕೈಯಿಡುವವರಲ್ಲಿ ಎಷ್ಟೋ ಜನ ಎಡವುವುದು ಇಲ್ಲೇ. ಬಗ್ಗಿ ನೋಡಿದೆ. ತಟ್ಟೆಗೆ ಬೀಳುತ್ತಿದ್ದ ಎಣ್ಣೆ ತೆಳ್ಳಗೆ, ಕೆಂಪಗೆ ಇತ್ತು. ಅವಳು ಬರಿದು ಮಾಡುತ್ತಿದ್ದದ್ದು ಗೇರ್‌ಬಾಕ್ಸನ್ನು.

"ಡೋರೀನ್..."

"ಬಾಯಿ!"

"ಅಯ್ಯೋ, ಕೇಳೇ ಇಲ್ಲಿ..."

"ಆರ್ಮಂಡ್, ಎದ್ದು ಬಂದ್ರೆ ಸ್ಪ್ಯಾನರಲ್ಲಿ ಹೊಡೀತೀನಿ ನೋಡು!"

ಹಾಳಾಗಿ ಹೋಗು ಅಂದುಕೊಂಡೆ. ಹಾಗಂದುಕೊಂಡರೂ ಕುರ್ಚಿಯ ತುದಿಗೆ ಬಂದು ಕೂತಿದ್ದೆ. ಗೇರ್‌ಬಾಕ್ಸ್ ಬರಿದಾಗಿ, ತುಂಬಿದ ಎಂಜಿನ್ನಿಗೆ ಮೇಲಿಂದ ಮತ್ತೆ ಆಯಿಲ್ ಸುರಿದರೆ ಎರಡೂ ಕೈಕೊಡುತ್ತವೆ. ಕಾರು ಹೋದರೆ ದಾರಿಯೂ ಹೋದ ಹಾಗೆ. ಹೊಡೆದರೆ ಹೊಡೆಯಲಿ, ಹೊಸ ಆಯಿಲ್ ಡಬ್ಬಿಯ ಮುಚ್ಚಳಕ್ಕೆ ಕೈಹಾಕುವ ಮೊದಲು ಕಸಿದುಕೊಳ್ಳುವುದೇ ಎಂದು ನಿರ್ಧರಿಸಿದೆ.

ಅವಳು ಹೊರಗೆ ಸರಿದು ಬಂದಳು. ತಟ್ಟೆಯನ್ನು ಎಳೆದುಕೊಂಡು, ಬೆರಳದ್ದಿ, ಬೆಳಕಿಗೆ ಹಿಡಿದಳು. ಮೂಸಿ ನೋಡಿ ಮುಖ ಸಿಂಡರಿಸಿದಳು.

"ಇದು ನನ್ನ ಆಯಿಲ್ ಅಲ್ಲ. ದಿನಾ ಬೆಳಿಗ್ಗೆ ಎಂಜಿನ್ ಆಯಿಲ್ ಅಳೆಯೋ ಕಡ್ಡಿ ಎತ್ತಿ ನೋಡೇ ಹೊರಡೋದು ನಾನು. ಕಪ್ಪಗೆ ಟಾರಿನ ಹಾಗಿತ್ತು. ಇದೇನಿದು ಕೆಂಪಗೆ?" ನನ್ನ ಮುಖ ನೋಡಿದಳು. "ಗೇರಿಂದಾ?"

ತಲೆಯಾಡಿಸಿದೆ. ಬಾಯಿ ತೆಗೆಯುವ ಹಾಗಿರಲಿಲ್ಲವಲ್ಲ.

ಅವಳು ರಟ್ಟಿನ ಮೇಲೆ ಹಾಗೇ ಕೂತುಬಿಟ್ಟಳು. ಅಳುತ್ತಾಳೆ ಅಂದುಕೊಂಡೆ. ಮಾತಾಡುವುದಾದರೆ ಈಗಲೇ ಮಾತಾಡಬೇಕೆಂದು ನಾನು ಶುರುಮಾಡಿದೆ: "ಹೋಗ್ಲಿ ಬಿಡೇ. ಗಾಡಿ ಎಳ್ಕೊಂಡು ಹೋಗೋಣ. ನಾಳೆ ಮಧ್ಯಾಹ್ನದ ಹೊತ್ತಿಗೆ ನಾನೇ..."

"ನಾಳೆ ಏಳು ಗಂಟೆಗೆ ನಾನು ಟಪಾಲು ತುಂಬ್ಕೋಬೇಕು."

"ಡೋರೀನ್, ಹಟ ಮಾಡ್ಬೇಡ."

"ಈ ಕೆಂಪೆಣ್ಣೆ ನಿನ್ನ ಅಂಗಡೀಲಿದ್ಯಾ?"

"ಇದೆ."

"ಮಾರ್ತೀಯಾ, ಇಲ್ಲಾ ಸುಮ್ನೆ ಉಪದೇಶ ಮಾಡ್ತೀಯಾ?"

ನಾನು ಗ್ಯಾರೇಜಿಗೆ ಹೋಗಿ ಡಬ್ಬಿಗಳನ್ನು ಹೊತ್ತು ತಂದೆ. ತರುವ ಹೊತ್ತಿಗೆ ಅವಳು ಗೇರ್‌ಬಾಕ್ಸಿನ ಬೋಲ್ಟನ್ನು ಮತ್ತೆ ಬಿಗಿದು, ತಟ್ಟೆಯಲ್ಲಿದ್ದ ಎಣ್ಣೆಯನ್ನು ಮೇಪಲ್ ಪಾಕದ ಖಾಲಿ ಕ್ಯಾನುಗಳಿಗೆ ಸುರಿದು, ಎಲ್ಲಿಯವರೆಗೆ ಬಂದಿದೆ ಎಂದು ಟೇಪು ಅಂಟಿಸಿದ್ದಳು. ಎಷ್ಟು ಹೊರಗೆ ಬಂತೋ ಅಷ್ಟೇ ಒಳಗೆ ಹೋಗಬೇಕು. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಪ್ರತಿ ಮಾರ್ಚಿನಲ್ಲಿ ಮೇಪಲ್ ಮರದ ರಸವನ್ನು ಪಾಕಕ್ಕೆ ಕಾಯಿಸಿ ಅಳೆದು ತುಂಬುವ ಹೆಂಗಸಿಗೆ ಹೇಳಿಕೊಡಬೇಕಾಗಿಯೂ ಇರಲಿಲ್ಲ. ಇನ್ನೊಂದು ಜೊತೆ ಖಾಲಿ ಕ್ಯಾನುಗಳಲ್ಲಿ ಹೊಸದನ್ನು ಅದೇ ಗುರುತಿಗೆ ಅಳೆದು, ಅಡುಗೆಮನೆಯ ಆಲಿಕೆ ಇಟ್ಟು ನಿಧಾನವಾಗಿ ಹೊಯ್ದಳು. ಎಂಜಿನ್ ಚಾಲೂ ಮಾಡಿ, ಗೇರುಗಳನ್ನು ಒಂದೊಂದಾಗಿ ಹಾಕಿ ತೆಗೆದು, ಗೇರ್‌ಬಾಕ್ಸಿನ ಕಡ್ಡಿ ಎತ್ತಿ ನೋಡಿದಳು. ಮಟ್ಟ ಸರಿಯಾಗಿತ್ತು. ನನಗೆ ಖುಷಿಯಾಯಿತು, ಹೊಟ್ಟೆಕಿಚ್ಚೂ ಆಯಿತು.

ಅಷ್ಟರಲ್ಲಿ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಅಸಲಿ ಕೆಲಸ ಇನ್ನೂ ಹಾಗೇ ಇತ್ತು.

ಎಂಜಿನ್ನಿನ ಬೋಲ್ಟು ಈ ಸಲ ಸಿಕ್ಕಿತು. ಆದರೆ ಅಲ್ಲಾಡಲಿಲ್ಲ. ಅವಳು ಏದುಸಿರು ಬಿಡುವುದು ಕೇಳಿಸುತ್ತಿತ್ತು.

"ಯಾವ ರಾಕ್ಷಸ ಬಿಗಿದಿದ್ದು ಇದನ್ನ?"

ನಾನು ಡೋನಟ್ ಕಚ್ಚಿದೆ. ಹೋದ ಸಲ ಅದನ್ನು ಗಾಳಿಯ ಗನ್ನಿನಿಂದ ಬಿಗಿದವನು ನಾನೇ.

"ಆರ್ಮಂಡ್, ನಿನ್ನೇ ಕೇಳಿದ್ದು!"

"ಮಾತಾಡ್ಬೇಡ ಅಂದಿದ್ದೆ ನೀನು."

ಕಾರಿನಡಿಯಿಂದ ಬಂದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೈಬಿಡುತ್ತಾಳೆ ಅಂದುಕೊಂಡೆ. ಕೈಬಿಡಲಿ ಎಂದು ಒಂದು ಕ್ಷಣ ಆಸೆಪಟ್ಟದ್ದೂ ನಿಜ. ಅವಳು ಹೊರಗೆ ಬಂದು ಶೆಡ್ಡಿನೊಳಗೆ ಹೋಗಿ, ತುಕ್ಕು ಹಿಡಿದ ಬೇಲಿಯ ಕೊಳವೆಯೊಂದನ್ನು ಎಳೆದು ತಂದಳು. ಅದನ್ನು ಸ್ಪ್ಯಾನರಿನ ಹಿಡಿಗೆ ತೂರಿಸಿ, ಮಲಗಿಕೊಂಡೇ ಬೂಟುಗಾಲಿನಿಂದ ಒದ್ದಳು. ಮತ್ತೆ ಒದ್ದಳು. ಇನ್ನೊಮ್ಮೆ ಒದ್ದಾಗ ಟಣ್ ಎಂದಿತು. ಕಪ್ಪನೆಯ ಬಿಸಿ ಆಯಿಲ್ ತಟ್ಟೆಗೂ ಬಿತ್ತು, ಬೇಟೆಯ ಕೋಟಿನ ತೋಳಿಗೂ ಬಿತ್ತು.

"ಕಪ್ಪಗಿದೆ!" ಎಂದು ಅಲ್ಲಿಂದಲೇ ಕೂಗಿದಳು. "ಟಾರಿನ ಹಾಗೇ ಇದೆ ಕಣೋ!"

ಹಳೆಯ ಫಿಲ್ಟರು ಬಿಚ್ಚಿ, ಅದರ ರಬ್ಬರ್ ಉಂಗುರ ಅಲ್ಲೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ, ಹೊಸದರ ಉಂಗುರಕ್ಕೆ ಆಯಿಲ್ ಸವರಿ ಕೈಯಿಂದಲೇ ತಿರುಗಿಸಿದಳು. ಬೋಲ್ಟು ಬಿಗಿದಳು, ಹೊಸ ಆಯಿಲ್ ಹೊಯ್ದಳು. ಕೊನೆಗೆ ಎದ್ದು ನಿಂತು ಸೊಂಟ ಹಿಡಿದುಕೊಂಡಾಗ ಅವಳ ಮುಖದ ತುಂಬ ಮಸಿ. ಹಿಮದ ಮೊದಲ ಚೂರುಗಳು ಉದುರತೊಡಗಿದ್ದವು. ಪೊಟ್ಟಣದಲ್ಲಿ ಉಳಿದಿದ್ದ ಕೊನೆಯ ಡೋನಟನ್ನು ಆ ಕೈಯಲ್ಲೇ ತೆಗೆದುಕೊಂಡು ತಿಂದಳು.

ಸೋಮವಾರ ಬೆಳಿಗ್ಗೆ ಊರೆಲ್ಲ ಬೆಳ್ಳಗಿತ್ತು. ಗ್ಯಾರೇಜಿನ ಮುಂದೆ ಟೈರು ಹಾಕಿಸುವವರು ಆಗಲೇ ಜಮಾಯಿಸಿದ್ದರು. ನಾನು ಜಾಕಿನ ಹತ್ತಿರ ನಿಂತಿದ್ದರೂ ಕಿವಿ ರಸ್ತೆಯ ಮೇಲೆಯೇ ಇತ್ತು. ರಾತ್ರಿಯಿಡೀ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಬೋಲ್ಟು ಸಡಿಲವಾಗಿದ್ದರೆ? ಅರ್ಧ ಬೆಟ್ಟ ಹತ್ತಿದ ಮೇಲೆ ಆಯಿಲ್ ಎಲ್ಲ ಸುರಿದುಹೋದರೆ?

ನನ್ನ ಗ್ಯಾರೇಜು ಅವಳ ದಾರಿಯಲ್ಲೇ ಬರುತ್ತದೆ. ಎಂದಿನ ಹೊತ್ತಿಗೆ ತಲೆಯ ಮೇಲೆ ಹಳದಿ ದೀಪ ಮಿಟುಕಿಸುತ್ತಾ ಅವಳ ಕಾರು ಬಂತು. ನನ್ನ ಟಪಾಲು ಡಬ್ಬಿಯ ಪಕ್ಕ ನಿಂತಿತು. ಅವಳು ಟಪಾಲು ಹಾಕಿ ಡಬ್ಬಿ ಮುಚ್ಚಿದಳು, ಆದರೆ ಹೊರಡಲಿಲ್ಲ. ಎಂಜಿನ್ ಓಡುತ್ತಲೇ ಇತ್ತು. ಕಿಟಕಿಯಿಂದ ನನ್ನತ್ತ ನೋಡಿ ಕಾದಳು. ಯಾಕೆ ಕಾಯುತ್ತಿದ್ದಾಳೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆಯುವ ಹೊತ್ತಿಗೆ ಅವಳು ಕೈಯೆತ್ತಿ ಬೆಟ್ಟದ ಕಡೆ ಹೊರಟುಬಿಟ್ಟಳು.

ಓಡಿಹೋಗಿ ಡಬ್ಬಿಯ ಪಕ್ಕ ಮಂಡಿಯೂರಿದೆ. ಟೈರಿನವರೆಲ್ಲ ನೋಡುತ್ತಿದ್ದರು, ನೋಡಲಿ. ಎರಡು ಚಕ್ರದ ಗುರುತುಗಳ ನಡುವೆ ಹೊಸ ಹಿಮ ಅಚ್ಚ ಬಿಳುಪಾಗಿತ್ತು. ಕೆಂಪು ಹನಿಯಿಲ್ಲ, ಕಪ್ಪು ಹನಿಯಿಲ್ಲ. ಕಾರು ಸೋರುತ್ತಿಲ್ಲವೆಂದು ನನಗೆ ತೋರಿಸಲೆಂದೇ ಅವಳು ಅಷ್ಟು ಹೊತ್ತು ನಿಂತದ್ದು. ನನ್ನ ಕಣ್ಣು ಮಂಜಾಯಿತು. ಹೆಮ್ಮೆಗೆ ಎಷ್ಟು, ಸಂಕಟಕ್ಕೆ ಎಷ್ಟು ಎಂದು ನನಗೂ ತಿಳಿಯದು.

ಒಳಗೆ ಬಂದು, ಬೋರ್ಡಿನ ಮೇಲೆ ಬುಧವಾರದ ಸಾಲಿನಲ್ಲಿದ್ದ ಅವಳ ಹೆಸರನ್ನು ಅಂಗೈಯಿಂದ ಒರೆಸಿದೆ.

ಸರತಿಯಲ್ಲಿದ್ದವನೊಬ್ಬ ಕತ್ತು ಚಾಚಿದ. "ಏನು ಆರ್ಮಂಡ್, ಬುಧವಾರ ಮೊದಲನೇ ಜಾಗ ಖಾಲಿಯಾಯ್ತಾ? ಹಾಗಾದ್ರೆ ನಂದು ಬರ್ಕೊ. ಗಾಡಿ ಆಯಿಲ್ ಬದಲಾಯಿಸ್ಬೇಕು."

"ನೀನೇ ಬದಲಾಯಿಸ್ಕೊಳೋ," ಎಂದೆ. "ನನ್ನ ತಂಗೀನ ಕೇಳು, ಹೇಳ್ಕೊಡ್ತಾಳೆ."