ಸಾಕು ಅನ್ನಿಸಿದ ಮೇಲೆ

ಅಕ್ಕ ಫೋನಿನಲ್ಲಿ ಸುತ್ತಿ ಬಳಸಿ ಮಾತಾಡಲಿಲ್ಲ. "ಭಾನುವಾರ ಬಂದು ಸಾಸ್ ಮಾಡು. ಸರಿ ಬಂದರೆ ಬಂತು. ಇಲ್ಲದಿದ್ದರೆ ಸೋಮವಾರದಿಂದ ಕಂಪನಿ ಡಬ್ಬದ ಸಾಸ್. ನನ್ನ ಕೈಲಿ ಇನ್ನು ಆಗಲ್ಲ ಕಣೇ."

ಪುಟ್ಟಿಗೆ ಮೂವತ್ತೊಂದು ವರ್ಷ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಅಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಿರಾಕಿಗೆ ತಲೆನೋವು. ಅಷ್ಟೆಲ್ಲ ಇದ್ದರೂ ಬಸ್ ಡಿಪೋ ಎದುರಿನ ಅಪ್ಪನ ಹಾಟ್ ಡಾಗ್ ಅಂಗಡಿಗೆ ಬಂದರೆ ಅವಳು ಪುಟ್ಟಿಯೇ. ಅಪ್ಪ ಹೋಗಿ ಎಂಟು ತಿಂಗಳಾಗಿತ್ತು. ಕೆಂಡದ ಮೇಲೆ ಸಾಸೇಜ್ ಸುಡುವುದರಲ್ಲಿ ಅಕ್ಕ ಅಪ್ಪನನ್ನೂ ಮೀರಿಸಿದ್ದಳು. ಬನ್ನಿಗೆ ಅಪ್ಪ ಸವರುತ್ತಿದ್ದ ಸಿಹಿ ಸಾಸ್ ಮಾತ್ರ ಅವಳ ಕೈಗೆ ಹತ್ತಲಿಲ್ಲ. ಡಿಪೋದವರು ಒಬ್ಬೊಬ್ಬರಾಗಿ ಒಳಗಿನ ಕ್ಯಾಂಟೀನಿಗೆ ಜಾರತೊಡಗಿದ್ದರು. ಅಪ್ಪ ಒಂದು ಸಾಲೂ ಬರೆದಿಟ್ಟವನಲ್ಲ. ಸಾಸ್ ಕುದಿಯುವಾಗ ಅವನ ಪಕ್ಕ ಸ್ಟೂಲ್ ಹತ್ತಿ ನಿಲ್ಲುತ್ತಿದ್ದವಳು ಪುಟ್ಟಿ.

ಭಾನುವಾರ ಬೆಳಗ್ಗೆ ಅವಳು ಈರುಳ್ಳಿಯನ್ನು ಕೆಂಪಗೆ ಹುರಿದಳು. ಟೊಮೆಟೊ, ವಿನೆಗರ್, ಸಾಸಿವೆ ಪುಡಿ, ಕಂದು ಸಕ್ಕರೆ ಎಲ್ಲವನ್ನೂ ನೆನಪಿನ ಪ್ರಕಾರ ಹಾಕಿದಳು. ರುಚಿ ನೋಡಿದಳು. ಹುಳಿ, ಖಾರ, ಸಿಹಿ ಒಂದನ್ನೊಂದು ತುಳಿಯದೆ ಕೂತಿದ್ದವು. ಹೆಮ್ಮೆಯಾಯಿತು.

ತೀರ್ಪು ಹೇಳಲು ಅಕ್ಕ ಸ್ಪ್ಯಾನರ್ ಮಾಮನನ್ನು ಕರೆದಳು. ಡಿಪೋದ ಮೆಕ್ಯಾನಿಕ್, ಇಪ್ಪತ್ತೈದು ವರ್ಷ ದಿನಾ ಇಲ್ಲೇ ತಿಂದವನು. ಗ್ರೀಸ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬನ್ನು ಕಚ್ಚಿದ.

"ಚೆನ್ನಾಗಿದೆ."

"ಆದರೆ?" ಎಂದಳು ಅಕ್ಕ.

"ಆದರೆ ಏನಿಲ್ಲಮ್ಮ. ದೊಡ್ಡ ಹೋಟೆಲಿನ ಥರ ಇದೆ."

"ಅಂದರೆ ಬಾಯಿಗಿಡೋ ಹಾಗಿಲ್ಲ ಅಂತ."

"ನಾನು ಹಾಗಂದೆನಾ? ನಿಮ್ಮಪ್ಪ ಮಾಡಿದ್ದು ತಿಂದರೆ ಮೊದಲ ತುತ್ತಿಗೇ ಹಲ್ಲು ಜುಮ್ ಅನ್ನೋದು, ಅಷ್ಟೇ." ಅರ್ಧ ಬನ್ನನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಅವನು ಅರ್ಧ ಉಳಿಸಿದ್ದನ್ನು ಅಕ್ಕ ಹಿಂದೆಂದೂ ನೋಡಿರಲಿಲ್ಲ. ಅವಳು ಕಂಪನಿಯವರು ಕೊಟ್ಟುಹೋಗಿದ್ದ ಡಬ್ಬವನ್ನು ತೆಗೆದು ಮೇಜಿನ ಮೇಲಿಟ್ಟಳು.

ಪುಟ್ಟಿ ಕದಲಲಿಲ್ಲ. ಹಲ್ಲು ಜುಮ್ ಅನ್ನುವುದು ಅವಳಿಗೆ ಗೊತ್ತಿತ್ತು.

ಅಂಗಡಿ ಹಾಕುವ ಮೊದಲು ಅಪ್ಪ ಬಣ್ಣದ ಕಾರ್ಖಾನೆಯಲ್ಲಿದ್ದ. ಅಲ್ಲಿಂದ ಬರುವಷ್ಟರಲ್ಲಿ ಮೂಗೂ ಸತ್ತಿತ್ತು, ನಾಲಿಗೆಯೂ ಸತ್ತಿತ್ತು. ಹಾಗಾಗಿ ರುಚಿ ನೋಡುವ ಕೆಲಸ ಆರು ವರ್ಷದ ಪುಟ್ಟಿಯದು. ಅಪ್ಪ ಚಮಚ ಊದಿ ಆರಿಸಿ ಬಾಯಿಗಿಡುತ್ತಿದ್ದ. "ಸಾಕಾ?" "ಸಾಲದು." ಒಂದು ಹಿಡಿ ಸಕ್ಕರೆ ಬೀಳುತ್ತಿತ್ತು. ಮತ್ತೆ ಚಮಚ. "ಸಾಕಾ?" "ಸಾಲದು." ನಿಜಕ್ಕೂ ಮೊದಲ ಚಮಚಕ್ಕೇ ಸಾಕಾಗಿರುತ್ತಿತ್ತು. ಸಾಲದು ಅಂದರೆ ಇನ್ನೊಂದು ಚಮಚ ಸಿಗುತ್ತದೆ, ಅದಕ್ಕೆ ಹಾಗೆನ್ನುತ್ತಿದ್ದಳು. ಹಲ್ಲು ಜುಮ್ ಅಂದ ಮೇಲೆಯೇ ತಲೆಯಾಡಿಸುತ್ತಿದ್ದಳು. ಅಪ್ಪ ಒಮ್ಮೆಯೂ ಅನುಮಾನಪಡಲಿಲ್ಲ. ಅವಳು ಸ್ಟೂಲ್ ಬೇಡದಷ್ಟು ಬೆಳೆಯುವ ಹೊತ್ತಿಗೆ ಅವನ ಕೈ ಆ ಅಳತೆಯನ್ನೇ ಬಾಯಿಪಾಠ ಮಾಡಿಕೊಂಡಿತ್ತು. ಇಡೀ ಡಿಪೋ ಇಷ್ಟು ವರ್ಷ ಚಪ್ಪರಿಸಿದ್ದು ಒಂದು ಮಗುವಿನ ಹೊಟ್ಟೆಬಾಕತನವನ್ನು.

"ಅಕ್ಕ, ಅಪ್ಪನಿಗೆ ನಾನು ಸುಳ್ಳು ಹೇಳ್ತಿದ್ದೆ."

"ಯಾವುದು? ಒಂದಾ ಎರಡಾ?"

"ಸಕ್ಕರೆದು." ಪುಟ್ಟಿ ಎಲ್ಲ ಹೇಳಿದಳು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು.

"ಕಳ್ಳಿ! ನಾನು ಹೊರಗೆ ಕೆಂಡದ ಹೊಗೆ ಕುಡೀತಾ ಸಾಯ್ತಿದ್ದೆ, ನೀನಿಲ್ಲಿ ಚಮಚ ನೆಕ್ತಿದ್ದೆ."

"ಬೈಯೋದು ಆಮೇಲೆ. ಸಕ್ಕರೆ ನೀನು ಹಾಕು. ನಿಂದು ಅಪ್ಪನ ಕೈ."

ಪಾತ್ರೆ ಮತ್ತೆ ಒಲೆ ಏರಿತು. ಅಕ್ಕ ತನ್ನ ಅಗಲವಾದ ಕೈಯಿಂದ ಒಂದು ಹಿಡಿ ಸುರಿದು ತಿರುವಿದಳು. ಚಮಚ ಊದಿ ತಂಗಿಯ ಬಾಯಿಗಿಟ್ಟಳು.

"ಸಾಕಾ?"

ಅಪ್ಪನದೇ ರಾಗ. ಅಕ್ಕನಿಗೆ ಅದು ಗೊತ್ತಾದ ಹಾಗಿರಲಿಲ್ಲ. ಪುಟ್ಟಿಯ ಈಗಿನ ನಾಲಿಗೆ ಸಾಕು, ಹೆಚ್ಚಾಯಿತು ಅನ್ನುತ್ತಿತ್ತು.

"ಸಾಲದು," ಅಂದಳು.

ಮೂರನೆಯ ಹಿಡಿಗೆ ಹಲ್ಲು ಜುಮ್ ಅಂದಿತು.

ಮಧ್ಯಾಹ್ನದ ಪಾಳಿ ಬಿಟ್ಟಾಗ ಸ್ಪ್ಯಾನರ್ ಮಾಮ ಮತ್ತೆ ಬಂದ. ಈ ಸಲ ಚೆನ್ನಾಗಿದೆ ಅನ್ನಲಿಲ್ಲ. ಮುಗಿಸಿ, ಗ್ರೀಸಿನ ಸಮೇತ ಹೆಬ್ಬೆರಳು ನೆಕ್ಕಿದ. "ಇನ್ನೊಂದು ಕೊಡಮ್ಮ," ಅಂದವನು ತಿರುಗಿ ಡಿಪೋ ಗೇಟಿನ ಕಡೆ ಶಿಳ್ಳೆ ಹಾಕಿದ. ಇಬ್ಬರು ಡ್ರೈವರುಗಳು ರಸ್ತೆ ದಾಟಿದರು. ಅಕ್ಕ ಡಬ್ಬವನ್ನು ಕಾಲಿಂದಲೇ ಮೇಜಿನ ಕೆಳಗೆ ತಳ್ಳಿದಳು. ಅದು ಯಾವಾಗಲೋ ನೆಲಕ್ಕಿಳಿದಿತ್ತು.

ಪುಟ್ಟಿಯೂ ಒಂದು ತಿನ್ನಲು ನೋಡಿದಳು. ಎರಡನೆಯ ತುತ್ತಿಗೇ ನೀರಿನ ಲೋಟಕ್ಕೆ ಕೈ ಚಾಚಿದಳು.

"ಹೇಗಿದೆಯೇ?"

"ವಿಪರೀತ ಸಿಹಿ. ಇದನ್ನ ಹೇಗೆ ತಿಂತಿದ್ದೆನೋ."

"ಹಾಗಾದರೆ ಇಲ್ಲಿ ಕೊಡು." ಅಕ್ಕ ಕಿತ್ತುಕೊಂಡು ಕಚ್ಚಿ, ತುಂಬಿದ ಬಾಯಲ್ಲೇ ಪೆನ್ನು ಚಾಚಿದಳು. "ಬರೆದಿಡು. ಸಕ್ಕರೆ ಎಷ್ಟು?"

ಪುಟ್ಟಿ ಬನ್ನಿನ ಪೊಟ್ಟಣದ ರಟ್ಟು ಹರಿದು ಬರೆದಳು: ಸಾಕು ಅನ್ನಿಸಿದ ಮೇಲೆ ಮೂರು ಹಿಡಿ.