ಮನೆಯವರಿಗೆ ತಿಳಿಸಲಾಗಿದೆ

ಪತ್ರಕರ್ತರಿಗೆ ಹಂಚಿದ ಫೈಲಿನಲ್ಲಿ ಎರಡು ಹಾಳೆ ಇರಬೇಕಾಗಿತ್ತು, ಮೂರಿದ್ದವು. ರೇವಣಸಿದ್ದಪ್ಪನವರು ಮೂರನೆಯದನ್ನು ಅರ್ಧ ಓದಿ, ಪಕ್ಕದ ಕುರ್ಚಿಯವರಿಗೆ ಕಾಣದ ಹಾಗೆ ಮಡಿಚಿ, ನೋಟ್‌ಬುಕ್ಕಿನಡಿ ಸರಿಸಿಕೊಂಡರು. ವೇದಿಕೆಯ ಮೇಲೆ ನಮ್ಮ ಬ್ರಿಗೇಡಿಯರ್ ಆಗಲೇ ಮಾತು ಶುರುಮಾಡಿದ್ದರು. ಪಕ್ಕದಲ್ಲಿ ಹೊರದೇಶದ ಕರ್ನಲ್, ಇಬ್ಬರ ಮುಂದೆಯೂ ಒಂದೊಂದು ಪುಟ್ಟ ಬಾವುಟ.

ಒಂದು ಕನ್ನಡ ಪತ್ರಿಕೆಯಲ್ಲಿ ಮೂವತ್ತೊಂದು ವರ್ಷ ವರದಿಗಾರನಾಗಿ ಸವೆದ ಮನುಷ್ಯ ರೇವಣಸಿದ್ದಪ್ಪನವರು. ಯಾರ ಮಾತನ್ನೂ ಮೊದಲ ಸಲಕ್ಕೇ ನಂಬಿದವರಲ್ಲ. ಸೈನ್ಯದವರು ಯಾವಾಗಲೂ ಊರಿನ ಆ ಕಡೆ, ತಮ್ಮದೇ ಸಭಾಂಗಣಕ್ಕೆ ಪತ್ರಕರ್ತರನ್ನು ಕರೆಯುತ್ತಿದ್ದರು. ಈ ಸಲ ಜಯನಗರದ ಹೋಟೆಲ್ಲಿಗೆ ಕರೆದದ್ದೇಕೆ ಎಂದು ಕೇಳಿದರೆ ಅಲ್ಲಿ ಸುಣ್ಣಬಣ್ಣ ನಡೆದಿದೆ ಎಂದರು. ಅದನ್ನು ಅವರು ನಂಬಲಿಲ್ಲ. ಚಹಾದ ಜೊತೆ ಗೋಡಂಬಿ ಬಿಸ್ಕತ್ತು ಇಟ್ಟದ್ದು ಅದಕ್ಕಿಂತ ಹೆಚ್ಚು ಅನುಮಾನ ತರಿಸಿತು.

ಬ್ರಿಗೇಡಿಯರ್ ಇಂಗ್ಲಿಷಿನಲ್ಲಿ ಲವಲವಿಕೆಯಿಂದ ಮಾತಾಡಿದರು. ಈ ವರ್ಷ ಆರು ದೇಶಗಳ ಸೈನ್ಯದೊಡನೆ ಜಂಟಿ ತರಬೇತಿ, ಬರುವ ವರ್ಷ ಇನ್ನೆರಡು. ನಮ್ಮ ನೂರಿಪ್ಪತ್ತು ಮಂದಿ ಮೂರು ವಾರದಿಂದ ಮಧ್ಯ ಏಷ್ಯಾದ ಗುಡ್ಡಗಾಡಿನಲ್ಲಿ ಈ ಕರ್ನಲ್ ಸಾಹೇಬರ ಸೈನಿಕರ ಜೊತೆ ಇದ್ದಾರೆ. ಎರಡೂ ಕಡೆಯ ರೇಡಿಯೊಗಳು ಒಂದಕ್ಕೊಂದು ಹೊಂದಿಕೊಳ್ಳಲು ಮೂರು ದಿನ ಹಿಡಿಯಿತು, ಆದರೆ ಹುಡುಗರು ಮೊದಲ ದಿನವೇ ಹೊಂದಿಕೊಂಡರು ಎಂದರು. ನಿಮ್ಮ ಅಡುಗೆಯವರು ನಮ್ಮವರಿಗೆ ಚಪಾತಿಯ ಹುಚ್ಚು ಹಿಡಿಸಿದ್ದಾರೆ ಎಂದು ಕರ್ನಲ್ ಸೇರಿಸಿದಾಗ ಎಲ್ಲರೂ ನಕ್ಕರು. ರೇವಣಸಿದ್ದಪ್ಪನವರು ನಗಲಿಲ್ಲ, ಬರೆದುಕೊಳ್ಳಲೂ ಇಲ್ಲ.

ನೋಟ್‌ಬುಕ್ಕಿನಡಿಯ ಹಾಳೆ ಪತ್ರಕರ್ತರಿಗೆ ಕೊಡುವಂಥದ್ದಲ್ಲ. ವೇದಿಕೆಯ ಮೇಲಿರುವವರಿಗೆ ಮೊದಲೇ ಬರೆದುಕೊಡುವ ಉತ್ತರಗಳ ಪಟ್ಟಿ ಅದು. ಮೇಲುಗಡೆ ‘ಕೇಳಿದರೆ ಮಾತ್ರ’ ಎಂಬ ಅರ್ಥದ ಇಂಗ್ಲಿಷ್ ತಲೆಬರಹವಿತ್ತು. ಇಂಥದೊಂದು ಪಟ್ಟಿ ಇರುತ್ತದೆಂದು ಅವರಿಗೆ ಗೊತ್ತಿತ್ತು, ಕಣ್ಣಾರೆ ಕಂಡದ್ದು ಇವತ್ತೇ. ನಾಲ್ಕನೆಯ ಉತ್ತರ ಹೀಗಿತ್ತು: ವಾಹನ ಮಗುಚಿ ಇಬ್ಬರಿಗೆ ಪೆಟ್ಟಾಗಿದೆ. ಅವರಲ್ಲೊಬ್ಬರು ಸಿಗ್ನಲ್ಸ್ ವಿಭಾಗದ ಹವಾಲ್ದಾರ್, ಕರ್ನಾಟಕದವರು. ತೊಡೆಯ ಮೂಳೆ ಮುರಿದಿದೆ, ಪ್ರಾಣಾಪಾಯವಿಲ್ಲ. ಅದೇ ದಿನ ಮನೆಯವರಿಗೆ ತಿಳಿಸಲಾಗಿದೆ.

ರೇವಣಸಿದ್ದಪ್ಪನವರ ಮಗ ಶಿವರಾಜ್ ಆ ನೂರಿಪ್ಪತ್ತು ಮಂದಿಯಲ್ಲೊಬ್ಬ, ರೇಡಿಯೊ ಸಂಪರ್ಕ ನೋಡಿಕೊಳ್ಳುವ ಸಿಗ್ನಲ್ಸ್‌ನ ಹವಾಲ್ದಾರ್. ಹೊರಡುವ ಮುಂಚೆ, ಈ ತುಕಡಿಯಲ್ಲಿ ಕನ್ನಡದವನು ನಾನೊಬ್ಬನೇ, ಬೈಯಬೇಕೆಂದರೂ ಹಿಂದಿಯಲ್ಲೇ ಬೈಯಬೇಕು ಎಂದು ನಕ್ಕಿದ್ದ. ಆರು ದಿನದಿಂದ ಅವನ ಫೋನಿಲ್ಲ. ಗುಡ್ಡದಲ್ಲಿ ನೆಟ್‌ವರ್ಕ್ ಸಿಗಲ್ವಂತೆ ಮಾವ ಎಂದು ಸೊಸೆ ಸಂಗೀತಾ ಹೇಳಿದ್ದಳು. ಪ್ರಾಣಾಪಾಯವಿಲ್ಲ ಎಂಬ ಮಾತನ್ನು ರೇವಣಸಿದ್ದಪ್ಪನವರು ಮತ್ತೆ ಮತ್ತೆ ಓದಿಕೊಂಡರು. ಆಮೇಲೆ ಕೊನೆಯ ಸಾಲಿಗೆ ಬಂದಾಗ ಭಯದ ಜಾಗದಲ್ಲಿ ಸಿಟ್ಟು ಬಂತು. ಸಿಟ್ಟು ಅವರಿಗೆ ಅಭ್ಯಾಸವಾದದ್ದು, ಹಿಡಿದುಕೊಳ್ಳಲು ಸುಲಭ. ಮನೆಯವರಿಗೆ ತಿಳಿಸಿದ್ದಾರಂತೆ. ಯಾವ ಮನೆಯವರಿಗೆ? ಮನೆಯ ಯಜಮಾನ ಇಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದಾನೆ, ಅವನಿಗೇ ಗೊತ್ತಿಲ್ಲ.

ಸೈನ್ಯದ ಸಾರ್ವಜನಿಕ ಸಂಪರ್ಕ ಕಚೇರಿಯ ವಿಜಯಕುಮಾರ್ ಬಗ್ಗಿಕೊಂಡು ಸಾಲಿನುದ್ದಕ್ಕೂ ಬಂದ. ಬೆವರುತ್ತಿದ್ದ.

“ಸಾರ್, ನಿಮ್ ಫೈಲಲ್ಲಿ ಒಂದು ಹಾಳೆ ಜಾಸ್ತಿ ಏನಾದ್ರೂ ಬಂದಿದ್ಯಾ?”

“ಇಲ್ವಲ್ಲಪ್ಪ,” ಎಂದರು ರೇವಣಸಿದ್ದಪ್ಪನವರು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವರಿಗೇ ಆಶ್ಚರ್ಯವಾಯಿತು. ಇವನು ಬೇಕೆಂತಲೇ ಇಟ್ಟಿರಬಹುದೇ ಎಂಬ ಅನುಮಾನವೂ ಹಾದುಹೋಯಿತು.

ಪ್ರಶ್ನೆಗಳ ಸರದಿ ಬಂದಾಗ ಅವರೇ ಮೊದಲು ಎದ್ದರು. ತರಬೇತಿಯಲ್ಲಿ ಯಾರಿಗಾದರೂ ಗಾಯವಾಗಿದೆಯೇ ಎಂದು ಕೇಳಿದರು. ಬ್ರಿಗೇಡಿಯರ್ ಮುಖ ಗಂಭೀರ ಮಾಡಿಕೊಂಡು, ಹಾಳೆಯ ನಾಲ್ಕನೆಯ ಉತ್ತರದಿಂದ ಗಾಯಾಳುಗಳ ಊರು, ಹುದ್ದೆ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರು. ಮನೆಯವರಿಗೆ ತಿಳಿಸಿದ್ದು ಖಚಿತವೇ ಎಂದು ಇವರು ಬಿಡದೆ ಕೇಳಿದರು. ಖಚಿತ, ಇಬ್ಬರ ಮನೆಯವರ ಜೊತೆಗೂ ನಾನೇ ಮಾತಾಡಿದ್ದೇನೆ ಎಂದರು ಬ್ರಿಗೇಡಿಯರ್. ರೇವಣಸಿದ್ದಪ್ಪನವರು ಆ ಮಾತನ್ನು ಬರೆದುಕೊಂಡು ಅಡಿಗೆರೆ ಎಳೆದರು. ಇಷ್ಟು ವರ್ಷದಲ್ಲಿ ಇಂಥ ಹಸಿ ಸುಳ್ಳು ಇಷ್ಟು ನೇರವಾಗಿ ಕೈಗೆ ಸಿಕ್ಕಿರಲಿಲ್ಲ.

ಮೆಟ್ರೊ ನಿಲ್ದಾಣದಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ವರದಿ ಬರೆದರು. ‘ಗಾಯಾಳು ಯೋಧನ ಮನೆಗೇ ಸುದ್ದಿಯಿಲ್ಲ’ ಎಂಬ ತಲೆಬರಹ ತಾನಾಗಿ ಬಂತು. ಮಗನ ಕಾಲು ಮುರಿದಿದೆ, ತಾನು ಇಲ್ಲಿ ತಲೆಬರಹ ಹುಡುಕುತ್ತಿದ್ದೇನೆ ಎಂದು ಒಂದು ಕ್ಷಣ ನಾಚಿಕೆಯಾಯಿತು. ಆದರೂ ಬರೆದರು. ಹಿಂದೊಮ್ಮೆ ಬರೆದದ್ದಕ್ಕೆ ಒಳ್ಳೆಯದೇ ಆಗಿತ್ತಲ್ಲ. ಏಳು ವರ್ಷದ ಹಿಂದೆ ರಜೆಯಲ್ಲಿ ಬಂದ ಶಿವರಾಜ್, ಚಳಿಗಾಲದ ಬೂಟು ಇನ್ನೂ ಬಂದಿಲ್ಲ ಎಂದು ಊಟಕ್ಕೆ ಕೂತಾಗ ತಾಯಿಗೆ ಹೇಳಿದ್ದ. ಮೂರನೆಯ ದಿನ ಅದು ಹೆಸರಿಲ್ಲದೆ ಪತ್ರಿಕೆಯಲ್ಲಿ ಬಂತು. ಬೂಟೂ ಬಂತು. ಸುದ್ದಿ ಹೊರಬಿದ್ದದ್ದು ಯಾರಿಂದ ಎಂದು ವಿಚಾರಣೆ ನಡೆದು, ಶಿವರಾಜನ ಬಡ್ತಿ ಎರಡು ವರ್ಷ ತಡವಾಯಿತು. ನೂರಾರು ಹುಡುಗರ ಕಾಲು ಉಳಿಯಿತಲ್ಲ ಎಂದು ಇವರು ಸಮಾಧಾನ ಹೇಳಿದ್ದರು. ಅಂದಿನಿಂದ ಅವನು ರಜೆಗೆ ಬಂದಾಗಲೆಲ್ಲ ಅಪ್ಪನ ಜೊತೆ ಕ್ರಿಕೆಟ್ ವಿಷಯ ಮಾತ್ರ ಮಾತಾಡುತ್ತಿದ್ದ.

ಜೆ.ಪಿ. ನಗರದ ಮನೆಯ ಮಹಡಿ ಹತ್ತಿದಾಗ ಸಂಜೆ ಆರಾಗಿತ್ತು. ಸಂಗೀತಾ ಮತ್ತು ಹೆಂಡತಿ ಬಸವಲಿಂಗಮ್ಮ ನೆಲದ ಮೇಲೆ ಪೇಪರ್ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳಬಾರದೆಂದು ಅವರು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ಸೊಸೆಯ ಎದುರು ಕುರ್ಚಿ ಎಳೆದು ಕೂತರು.

“ಗಾಬರಿ ಆಗ್ಬೇಡಮ್ಮ. ಶಿವೂಗೆ ಸ್ವಲ್ಪ ಏಟಾಗಿದೆಯಂತೆ. ಪ್ರಾಣಕ್ಕೇನೂ ತೊಂದ್ರೆ ಇಲ್ಲ.”

ಎಲ್ಲಿ, ಯಾವಾಗ, ಹೇಗಾಯಿತು, ನಿಮಗೆ ಯಾರು ಹೇಳಿದರು ಎಂಬ ಪ್ರಶ್ನೆಗಳಿಗೆ ಅವರು ಕಾದರು. ಒಂದೂ ಬರಲಿಲ್ಲ. ಸಂಗೀತಾಳ ಬೆರಳು ಸಿಪ್ಪೆ ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ. ಕೇಳದೆ ಇರುವವರು ಗೊತ್ತಿರುವವರು ಎಂಬುದನ್ನು ಕಸುಬು ಅವರಿಗೆ ಎಂದೋ ಕಲಿಸಿತ್ತು. ಅವರು ಹೆಂಡತಿಯ ಕಡೆ ನೋಡಿದರು. ಬಸವಲಿಂಗಮ್ಮ ಮೊರದಲ್ಲಿದ್ದ ಕಾಳನ್ನು ಒಂದು ಕಡೆಗೆ ಗುಡಿಸುತ್ತಿದ್ದರು.

“ಹೋದ ಗುರುವಾರಾನೇ ಫೋನ್ ಬಂತು ಮಾವ,” ಎಂದಳು ಸಂಗೀತಾ, ತಲೆಯೆತ್ತದೆ. “ದೊಡ್ಡ ಸಾಹೇಬ್ರೇ ಮಾಡಿದ್ರು. ಸಂಜೆ ಇವ್ರೂ ಮಾತಾಡಿದ್ರು. ದಿನಾ ಮಾತಾಡ್ತಾರೆ.”

“ನಂಗ್ಯಾಕೆ ಹೇಳ್ಲಿಲ್ಲ?”

ಸೊಸೆ ಅತ್ತೆಯ ಮುಖ ನೋಡಿದಳು. ಉತ್ತರ ಬಂದದ್ದು ಬಸವಲಿಂಗಮ್ಮನವರಿಂದ. “ಅವನೇ ಬೇಡ ಅಂದ. ಹೇಳಿದ್ರೆ ಬರೀದೆ ಇರ್ತಿದ್ರಾ ನೀವು? ನನ್ ಮೇಲೆ ಆಣೆ ಇಟ್ಟು ಹೇಳಿ.”

ಬರೆಯುತ್ತಿರಲಿಲ್ಲ ಎನ್ನಲು ರೇವಣಸಿದ್ದಪ್ಪನವರು ಬಾಯಿ ತೆರೆದರು. ಜೇಬಿನಲ್ಲಿ ಮೊಬೈಲಿತ್ತು, ಅದರಲ್ಲಿ ವರದಿ ಮುಗಿದಿತ್ತು, ಕಳಿಸುವುದೊಂದೇ ಬಾಕಿ. ಬ್ರಿಗೇಡಿಯರ್ ಸುಳ್ಳು ಹೇಳಿರಲಿಲ್ಲ. ಈ ಆರು ದಿನ ತನ್ನ ತಟ್ಟೆಗೆ ಅನ್ನ ಬಡಿಸುತ್ತ, ನೆಟ್‌ವರ್ಕ್ ಇಲ್ಲ ಎಂದು ಮುಖ ನೋಡಿ ಹೇಳಿದವರು ಇವರಿಬ್ಬರು. ಮೊದಲು ಅವಮಾನವಾಯಿತು. ಆಮೇಲೆ, ಮಗ ಮೂಳೆ ಮುರಿದುಕೊಂಡು ಮಲಗಿದಾಗಲೂ ತನಗೆ ಹೆದರಿದನಲ್ಲ ಎಂಬುದು ಚುಚ್ಚಿತು.

ಸಂಗೀತಾಳ ಫೋನ್ ಹೊಡೆದುಕೊಂಡಿತು. ಆ ಹೊತ್ತಿಗೇ ದಿನವೂ ಬರುತ್ತಿತ್ತೇನೋ, ತಾನು ಆಫೀಸಿನಲ್ಲಿರುವ ಹೊತ್ತಿಗೆ. ಅವಳು ಪರದೆಯನ್ನು ನೋಡಿದಳು, ಮಾವನನ್ನು ನೋಡಿದಳು, ಎತ್ತಿಕೊಳ್ಳಲಿಲ್ಲ.

“ತಗೊಳ್ಳಮ್ಮ, ಮಾತಾಡು,” ಎಂದು ರೇವಣಸಿದ್ದಪ್ಪನವರು ಎದ್ದರು. “ನಾನು ಹಾಲು ತರ್ತೀನಿ.”

ಫ್ರಿಜ್ಜಿನಲ್ಲಿ ಎರಡು ಪ್ಯಾಕೆಟ್ ಹಾಲಿತ್ತು. ಅದು ಮೂವರಿಗೂ ಗೊತ್ತಿತ್ತು, ಯಾರೂ ತಡೆಯಲಿಲ್ಲ.

ಹಾಲಿನ ಬೂತಿನ ಮುಂದೆ ನಿಂತಿದ್ದಾಗ ಪತ್ರಿಕೆಯ ಡೆಸ್ಕಿನ ಕೈಲಾಸ್ ಫೋನ್ ಮಾಡಿದ. ಮುಖಪುಟದಲ್ಲಿ ಜಾಗ ಹಿಡಿದಿಟ್ಟಿದ್ದೇನೆ, ಏನೋ ದೊಡ್ಡದಿದೆ ಅಂದಿದ್ರಲ್ಲ ಎಂದು ಕೇಳಿದ. ಏನೂ ಇಲ್ಲ, ಅವರು ಕೊಟ್ಟ ಪ್ರಕಟಣೆಯನ್ನೇ ನಾಲ್ಕು ಸಾಲು ಮಾಡಿ ಒಳಗೆಲ್ಲಾದರೂ ಹಾಕಿಕೊಳ್ಳಿ ಎಂದರು. ನಿಜವಾಗಿಯೂ ಏನೂ ಇಲ್ವಾ ಸಾರ್ ಎಂದು ಅವನು ಇನ್ನೊಮ್ಮೆ ಕೇಳಿದ. ಅವನ ದನಿಯಲ್ಲಿ ಅನುಮಾನವಿತ್ತು. ಅವನನ್ನು ಈ ಕಸುಬಿಗೆ ತಯಾರು ಮಾಡಿದವರು ಇವರೇ. ಫೋನಿಟ್ಟು ವರದಿಯನ್ನು ಅಳಿಸಿದರು.

ಹಾಲು ಹಿಡಿದುಕೊಂಡು ಗೇಟಿನ ಹತ್ತಿರ ನಿಂತರು. ಎಷ್ಟು ಹೊತ್ತು ಮಾತಾಡುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ. ಹತ್ತು ನಿಮಿಷ ಕಳೆದ ಮೇಲೆ ಬಸವಲಿಂಗಮ್ಮ ಬಾಲ್ಕನಿಗೆ ಬಂದು, ಮೇಲೆ ಬನ್ನಿ ಎಂದು ಕೈ ಮಾಡಿದರು. ಮಾತು ಮುಗಿದ ಮೇಲೆ ಕರೆಯುತ್ತಿದ್ದಾರೋ, ಮಗ ಫೋನಿನಲ್ಲಿರುವಾಗಲೇ ಕರೆಯುತ್ತಿದ್ದಾರೋ, ಕೆಳಗಿನಿಂದ ತಿಳಿಯಲಿಲ್ಲ. ರೇವಣಸಿದ್ದಪ್ಪನವರು ಚಪ್ಪಲಿಯ ಸದ್ದು ಮೇಲಿನವರಿಗೆ ಜೋರಾಗಿಯೇ ಕೇಳುವ ಹಾಗೆ, ಒಂದೊಂದೇ ಮೆಟ್ಟಿಲು ನಿಧಾನವಾಗಿ ಹತ್ತತೊಡಗಿದರು.